ಸ್ವಂತ ವಿವರ: ಕೇಳಿ ಪಡೆಯುವ ಹಕ್ಕು, ಅಳಿಸುವ ವಿವೇಕ

ಬರೆದುದನ್ನು ಕಾಪಾಡಿಕೊಂಡು ಬರುವುದು ಕನ್ನಡ ನಾಡಿನ ಮಠಮಾನ್ಯಗಳ ಹಿರಿಯ ಸಂಪ್ರದಾಯ. ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದ ಶರಣರ ವಚನಗಳನ್ನು ಅರಸಿ, ಪರಿಶೋಧಿಸಿ, 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದ ಡಾ. ಫ. ಗು. ಹಳಕಟ್ಟಿಯವರ ಸೇವೆಯನ್ನು ನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಆದರೆ ಬರೆದುದೆಲ್ಲವೂ ಹೀಗೆ ಉಳಿಯತಕ್ಕದ್ದಲ್ಲ. ಲೋಕಕ್ಕೆಂದು ನುಡಿದ ಮಾತು ಬೇರೆ. ಆಪ್ತರಿಗೆಂದು ಆಡಿದ ಮಾತು, ಮನೆಯ ಲೆಕ್ಕ, ಮಗಳ ಭಾವಚಿತ್ರ, ಆಧಾರ್ ಚೀಟಿಯ ಪ್ರತಿ ಇವು ಬೇರೆ. ಮೊದಲನೆಯದನ್ನು ಉಳಿಸುವುದು ಎಷ್ಟು ದೊಡ್ಡ ಕರ್ತವ್ಯವೋ, ಎರಡನೆಯದನ್ನು ಕೆಲಸ ತೀರಿದ ಮೇಲೆ ಅಳಿಸುವುದೂ ಅಷ್ಟೇ ದೊಡ್ಡ ಕರ್ತವ್ಯ. ಫೋನಿನ ಮೂಲಕ ಸಂದೇಶ ಕಳುಹಿಸುವ ವಾಟ್ಸ್‌ಆ್ಯಪ್‌ನಂತಹ ವ್ಯವಸ್ಥೆಗಳು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ, ಅಲ್ಲಿ ಸೇರಿಕೊಂಡಿರುವ ಸ್ವಂತ ವಿವರಗಳನ್ನು ಕೇಳಿ ಪಡೆಯುವುದು ಹೇಗೆ, ಅಳಿಸುವುದು ಹೇಗೆ, ಅಳಿಸಿದ ಮೇಲೂ ಉಳಿಯುವುದು ಯಾವುದು ಎಂಬ ವಿಚಾರವು ಶಿಕ್ಷಕರಿಗೂ ಪಾಲಕರಿಗೂ ಅವಶ್ಯವೆನಿಸಿದೆ.

ಬದಲಾಗುವ ಸಂಖ್ಯೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿಯ ಸೀಮೆ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ, ರಾಶಿ ಮುಗಿದ ಮೇಲಿನ ತಿಂಗಳುಗಳಲ್ಲಿಯೂ ಇಲ್ಲಿನ ಅನೇಕ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಗುಳೆ ಹೋಗುವುದು ಬಹುಕಾಲದ ಸಂಗತಿ. ಊರು ಬದಲಾದಂತೆ ಸಿಮ್ ಬದಲಾಗುತ್ತದೆ. ಹಣ ತುಂಬದ ಹಳೆಯ ಸಂಖ್ಯೆಯು ಕೆಲಕಾಲಾನಂತರ ಸ್ಥಗಿತಗೊಳ್ಳುತ್ತದೆ. ಹೀಗೆ ಸ್ಥಗಿತಗೊಂಡ ಸಂಖ್ಯೆಯನ್ನು ದೂರವಾಣಿ ಕಂಪನಿಗಳು ಕನಿಷ್ಠ 90 ದಿನಗಳವರೆಗೆ ಬೇರೆಯವರಿಗೆ ನೀಡಬಾರದು. ಆ ಅವಧಿ ಕಳೆದ ಬಳಿಕ ಅದು ಅಪರಿಚಿತನೊಬ್ಬನ ಕೈಸೇರಬಹುದು.

ಇಲ್ಲಿಯೇ ತೊಡಕು ಹುಟ್ಟುವುದು. ಸಂಖ್ಯೆ ಹೋದರೂ ಆ ಸಂಖ್ಯೆಯ ಹೆಸರಿನಲ್ಲಿ ತೆರೆದ ವಾಟ್ಸ್‌ಆ್ಯಪ್ ಖಾತೆ ತಾನಾಗಿ ಅದರೊಡನೆ ಹೋಗುವುದಿಲ್ಲ. ಬಂಧುಗಳೂ ಶಾಲೆಯವರೂ ಹಳೆಯ ಸಂಖ್ಯೆಗೇ ಸಂದೇಶ ಕಳುಹಿಸುತ್ತಿರುತ್ತಾರೆ. ಈ ಪ್ರಶ್ನೆಯು 2023ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸ್ಥಗಿತಗೊಂಡ ಸಂಖ್ಯೆಗಳನ್ನು ಮತ್ತೊಬ್ಬರಿಗೆ ಕೊಡುವುದನ್ನು ತಡೆಯಬೇಕೆಂಬ ಪ್ರಾರ್ಥನೆಯನ್ನು ನ್ಯಾಯಾಲಯವು ಪುರಸ್ಕರಿಸಲಿಲ್ಲ. ಹಳೆಯ ಸಂಖ್ಯೆಗೆ ಸೇರಿದ ಖಾತೆಯನ್ನು ಅಳಿಸಿ, ಫೋನಿನಲ್ಲಿಯೂ ದೂರದ ಸಂಗ್ರಹದಲ್ಲಿಯೂ ಇರುವ ವಿವರಗಳನ್ನು ತೆಗೆದುಹಾಕಿ ತನ್ನ ಗೋಪ್ಯತೆಯನ್ನು ಕಾಪಾಡಿಕೊಳ್ಳುವುದು ಚಂದಾದಾರನದೇ ಹೊಣೆಯೆಂದು ಅದು ಅಭಿಪ್ರಾಯಪಟ್ಟಿತು. ಖಾತೆಯು 45 ದಿನ ಬಳಕೆಯಿಲ್ಲದೆ ಇದ್ದು, ಆಮೇಲೆ ಬೇರೊಂದು ಫೋನಿನಲ್ಲಿ ತೆರೆಯಲ್ಪಟ್ಟರೆ ಹಳೆಯ ಖಾತೆಯ ವಿವರಗಳನ್ನು ತೆಗೆದುಹಾಕುವುದಾಗಿ ವಾಟ್ಸ್‌ಆ್ಯಪ್ ತಿಳಿಸಿದೆಯಾದರೂ, ಅದನ್ನೇ ನಂಬಿ ಕುಳಿತಿರುವುದು ವಿವೇಕವಲ್ಲ. ಗುಳೆ ಹೊರಡುವ ಕುಟುಂಬವು ಮನೆಗೆ ಬೀಗ ಹಾಕುವುದನ್ನು ಮರೆಯದಂತೆ ಈ ಬೀಗವನ್ನೂ ಮರೆಯಬಾರದು.

ಮೊದಲು ಕೇಳಿ ಪಡೆಯುವುದು

ಅಳಿಸುವ ಮುನ್ನ ತನ್ನದೇನಿದೆ ಎಂಬುದನ್ನು ತಿಳಿಯಬೇಕು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್‌ಗಳಲ್ಲಿ ಖಾತೆಯ ವಿಭಾಗವನ್ನು ತೆರೆದರೆ, ಖಾತೆಯ ಮಾಹಿತಿಯನ್ನು ಕೋರುವ ಅವಕಾಶ ಅಲ್ಲಿದೆ. ಕೋರಿಕೆ ಸಲ್ಲಿಸಿದ ಸುಮಾರು ಮೂರು ದಿನಗಳಲ್ಲಿ ವರದಿಯು ಸಿದ್ಧವಾಗುತ್ತದೆ. ಸಿದ್ಧವಾದ ವರದಿಯನ್ನು ನಿಗದಿತ ದಿನಗಳೊಳಗೆ ಇಳಿಸಿಕೊಳ್ಳಬೇಕು. ಖಾತೆಯ ಸಂಖ್ಯೆ, ಭಾವಚಿತ್ರ, ಸೇರಿರುವ ಗುಂಪುಗಳ ಹೆಸರು, ಬಳಸಿದ ಫೋನಿನ ವಿವರ ಮೊದಲಾದವು ಅದರಲ್ಲಿರುತ್ತವೆ. ಸಂದೇಶಗಳು ಮಾತ್ರ ಅದರಲ್ಲಿರುವುದಿಲ್ಲ. ತೀರಿಹೋದ ತಾಯಿಯ ಧ್ವನಿ, ಹೊಲದ ವ್ಯವಹಾರದ ಕಾಗದ, ಮಗುವಿನ ಮೊದಲ ಭಾವಚಿತ್ರ ಇಂತಹವು ಬೇಕಾಗಿದ್ದಲ್ಲಿ ಆಯಾ ಸಂಭಾಷಣೆಯನ್ನು ಬೇರೆಯಾಗಿ ಹೊರತೆಗೆದು ಭದ್ರಪಡಿಸಿಕೊಳ್ಳಬೇಕು.

ಈ ಕ್ರಮವನ್ನು ತಪ್ಪಿಸುವಂತಿಲ್ಲ. ವರದಿ ಬರುವ ಮೊದಲೇ ಖಾತೆಯನ್ನು ಅಳಿಸಿದರೆ ಅಥವಾ ಸಂಖ್ಯೆಯನ್ನು ಬದಲಾಯಿಸಿದರೆ ಸಲ್ಲಿಸಿದ ಕೋರಿಕೆಯೇ ರದ್ದಾಗುತ್ತದೆ. ಆದುದರಿಂದ ಮೊದಲು ಕೋರುವುದು, ಬಳಿಕ ಪಡೆಯುವುದು, ಕೊನೆಗೆ ಅಳಿಸುವುದು.

ಬಳಿಕ ಅಳಿಸುವುದು

ಫೋನಿನಿಂದ ವಾಟ್ಸ್‌ಆ್ಯಪ್ ತೆಗೆದುಹಾಕಿದರೆ ಖಾತೆ ಅಳಿಯಿತೆಂಬ ಭಾವನೆ ಬಹುಜನರಲ್ಲಿದೆ. ಅದು ಬಾಗಿಲನ್ನು ಮುಚ್ಚಿದಂತೆಯೇ ಹೊರತು ಮನೆಯನ್ನು ಖಾಲಿ ಮಾಡಿದಂತೆ ಅಲ್ಲ. ಖಾತೆಯ ವಿಭಾಗದಲ್ಲಿಯೇ ಇರುವ ಅಳಿಸುವ ಆಯ್ಕೆಯನ್ನು ತೆರೆದು, ತನ್ನ ಸಂಖ್ಯೆಯನ್ನು ನಮೂದಿಸಿ ದೃಢಪಡಿಸಿದಾಗ ಮಾತ್ರ ಖಾತೆ ಅಳಿಯುತ್ತದೆ; ಎಲ್ಲ ಗುಂಪುಗಳಿಂದಲೂ ಹೆಸರು ತೆಗೆಯಲ್ಪಡುತ್ತದೆ. ಹೀಗೆ ಅಳಿಸಿದ ಖಾತೆಯನ್ನು ಮರಳಿ ಪಡೆಯುವಂತಿಲ್ಲ. ಕಂಪನಿಯ ಸಂಗ್ರಹದಿಂದ ವಿವರಗಳು ಪೂರ್ಣವಾಗಿ ತೆಗೆಯಲ್ಪಡಲು 90 ದಿನಗಳವರೆಗೆ ಕಾಲ ಹಿಡಿಯಬಹುದು. ಫೇಸ್‌ಬುಕ್‌ನಲ್ಲಿ ಈ ರೀತಿ ಸ್ವಲ್ಪ ಭಿನ್ನವಾಗಿದೆ: ಅಲ್ಲಿ ಕೋರಿಕೆಯ ನಂತರ 30 ದಿನಗಳೊಳಗೆ ಮನಸ್ಸು ಬದಲಾಯಿಸಿ ಖಾತೆಯನ್ನು ಉಳಿಸಿಕೊಳ್ಳಲು ಅವಕಾಶವಿದೆ.

ಸಂಖ್ಯೆ ಮಾತ್ರ ಬದಲಾಗಿ, ಖಾತೆಯನ್ನು ಮುಂದುವರಿಸಬೇಕೆನ್ನುವವರು ಅಳಿಸಬೇಕಾಗಿಲ್ಲ. ಸಂಖ್ಯೆ ಬದಲಾವಣೆಯ ಆಯ್ಕೆಯಿಂದ ಖಾತೆಯು ಹೊಸ ಸಂಖ್ಯೆಗೆ ವರ್ಗವಾಗುತ್ತದೆ. ಹಳೆಯ ಸಂಖ್ಯೆಯ ಮೇಲಿನ ಖಾತೆಯು ಇಲ್ಲವಾಗುತ್ತದೆ. ಬ್ಯಾಂಕು ಮತ್ತು ಆಧಾರ್‌ಗೆ ಜೋಡಿಸಿದ ಸಂಖ್ಯೆಯನ್ನೂ ಅದೇ ಸಮಯದಲ್ಲಿ ಬದಲಾಯಿಸಿಕೊಳ್ಳುವುದು ಕ್ಷೇಮ.

ಅಳಿಸಿದರೂ ಉಳಿಯುವುದು

ಖಾತೆ ಅಳಿದರೂ, ಈ ಮೊದಲು ಇತರರಿಗೆ ಕಳುಹಿಸಿದ ಸಂದೇಶಗಳು ಮತ್ತು ಚಿತ್ರಗಳು ಅವರ ಫೋನುಗಳಲ್ಲಿ ಹಾಗೆಯೇ ಉಳಿಯುತ್ತವೆ. ಎಲ್ಲರಿಗೂ ಕಾಣದಂತೆ ಸಂದೇಶವನ್ನು ಅಳಿಸುವ ಸೌಲಭ್ಯವು 2017ರಲ್ಲಿ ಬಂದಿತು; ಅದರ ಗಡುವು ಈಗ ಎರಡು ದಿನಗಳಿಗೆ ತುಸು ಹೆಚ್ಚು. ಆ ಗಡುವು ಮೀರಿದ ಬಳಿಕ, ಅಥವಾ ಪಡೆದವರು ಬೇರೆಡೆಗೆ ರವಾನಿಸಿದ ಬಳಿಕ, ಯಾವ ಗುಂಡಿಯನ್ನೊತ್ತಿದರೂ ಅದು ಮರಳದು. ಅರ್ಥಾತ್, ತನ್ನ ಖಾತೆಯನ್ನು ಅಳಿಸುವುದು ವ್ಯಕ್ತಿಯ ಕೈಯಲ್ಲಿದೆ. ತನ್ನ ವಿವರ ನಿಜವಾಗಿ ಅಳಿಯುವುದು ನೆರೆಹೊರೆಯವರ ಸಂಯಮದಲ್ಲಿದೆ. ಈ ಕಾರಣದಿಂದಲೇ ಇದು ಒಬ್ಬೊಬ್ಬರ ಜಾಣತನದ ಮಾತಾಗದೆ ಸಮಾಜದ ನೀತಿಯ ಮಾತಾಗುತ್ತದೆ.

ಕಾನೂನಿನ ಆಸರೆ

ಈ ಹಕ್ಕಿನ ಇತಿಹಾಸದಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಅದೇ ವರ್ಷದ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ತೀರ್ಪಿನೊಡನೆ ಕಾಣಿಸದಂತೆ ಕ್ರಮ ಕೈಗೊಳ್ಳಲು ತನ್ನ ಕಛೇರಿಗೆ ಆದೇಶಿಸಿತ್ತು. ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಇರುವುದನ್ನು ಅದು ತಡೆಯಲಿಲ್ಲ. ಅಳಿಸುವುದೆಂದರೆ ಸತ್ಯವನ್ನು ನಾಶಮಾಡುವುದಲ್ಲ, ಅನಾವಶ್ಯಕವಾದ ಪ್ರದರ್ಶನವನ್ನು ನಿಲ್ಲಿಸುವುದು ಎಂಬ ಸೂಕ್ಷ್ಮವು ಇದರಿಂದ ವೇದ್ಯವಾಗುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಈ ತತ್ತ್ವಕ್ಕೆ ಶಾಸನದ ರೂಪ ಕೊಟ್ಟಿತು. ತನ್ನ ವಿವರಗಳಲ್ಲಿ ಯಾವುವು ಬಳಕೆಯಲ್ಲಿವೆ, ಯಾರಿಗೆ ಕೊಡಲ್ಪಟ್ಟಿವೆ ಎಂದು ಕೇಳುವ ಹಕ್ಕನ್ನು ಅದರ 11ನೆಯ ಪ್ರಕರಣವೂ, ತಿದ್ದಿಸುವ ಹಾಗೂ ಅಳಿಸುವ ಹಕ್ಕನ್ನು 12ನೆಯ ಪ್ರಕರಣವೂ ನೀಡುತ್ತವೆ. ಅನ್ಯ ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ ವಿವರಗಳಿಗೆ ಮಾತ್ರ ಅಳಿಸುವ ಮಾತು ಅನ್ವಯಿಸದು. ಮರಣಾನಂತರ ಈ ಹಕ್ಕನ್ನು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವುದಕ್ಕೆ 14ನೆಯ ಪ್ರಕರಣದಲ್ಲಿ ಅವಕಾಶವಿದೆ. ಒಪ್ಪಿಗೆ ಕೋರುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಅನುಕೂಲವಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಈ ಹಕ್ಕುಗಳಿಗೆ ಸಂಬಂಧಿಸಿದ ಭಾಗಗಳು ಜಾರಿಗೆ ಬರಲು ಆಗ 18 ತಿಂಗಳ ಅವಧಿಯನ್ನು ಗೊತ್ತುಪಡಿಸಲಾಯಿತು. ಅಲ್ಲಿಯವರೆಗೆ ಕಾಯಬೇಕಾದ ಪ್ರಮೇಯವಿಲ್ಲ. ಮೇಲೆ ಹೇಳಿದ ಕ್ರಮಗಳೆಲ್ಲವೂ ಈಗಾಗಲೇ ಪ್ರತಿಯೊಬ್ಬರ ಫೋನಿನಲ್ಲಿ ಲಭ್ಯವಿವೆ.

ಆಳಂದದ ಪಾಠ

ಅಳಿಸುವ ಅಧಿಕಾರವು ವಿವರಕ್ಕೆ ಒಡೆಯನಾದವನಿಗೇ ಸಲ್ಲಬೇಕು. ಅದು ಪರರ ಕೈಗೆ ಹೋದರೆ ಒದಗುವ ಅನಾಹುತವನ್ನು ಆಳಂದವು ಕಂಡಿದೆ. ಇದು ಸಂದೇಶ ವ್ಯವಸ್ಥೆಗೆ ಸಂಬಂಧಿಸಿದ ಪ್ರಸಂಗವಲ್ಲವಾದರೂ ಇದರ ಪಾಠ ಒಂದೇ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆಯುವಂತೆ ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ 24. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರುವರಿಯಲ್ಲಿ ಚುನಾವಣಾ ಅಧಿಕಾರಿಗಳು ಪೊಲೀಸರಿಗೆ ದೂರಿತ್ತರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ದಳವನ್ನು ರಚಿಸಿತು. ತಪ್ಪು ಯಾರದೆಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕಾರ್ಯ. ಶಿಕ್ಷಣದ ದೃಷ್ಟಿಯಿಂದ ಗ್ರಹಿಸಬೇಕಾದುದು ಇಷ್ಟೆ: ಮನೆಮನೆಗೆ ತೆರಳಿ ವಿಚಾರಿಸಿದ ಪರಿಶೀಲನೆ ಇಲ್ಲದಿದ್ದರೆ ಸಾವಿರಾರು ಜನರ ಹೆಸರು ಅವರ ಅರಿವಿಲ್ಲದೆ ಅಳಿಯಬಹುದಾಗಿತ್ತು.

ಖಾತೆ ಅಳಿಸುವಾಗ ಸಂಖ್ಯೆಯನ್ನು ಕೇಳುವುದು, ಖಾತೆ ತೆರೆಯುವಾಗ ಓಟಿಪಿ ಕೇಳುವುದು ಈ ಕಾರಣಕ್ಕಾಗಿಯೇ. ಅದನ್ನು ಕಿರುಕುಳವೆಂದು ಬಗೆಯಬಾರದು; ಆ ಓಟಿಪಿಯನ್ನು ಅನ್ಯರಿಗೆ ಹೇಳಲೂ ಬಾರದು. ಮತ್ತೊಬ್ಬರ ಸೋಗಿನಲ್ಲಿ ವಿವರ ಒದಗಿಸಬಾರದೆಂಬುದನ್ನು 2023ರ ಅಧಿನಿಯಮವು ಪ್ರಜೆಯ ಕರ್ತವ್ಯಗಳಲ್ಲಿ ಒಂದಾಗಿ ಎಣಿಸಿದೆ.

ಶಾಲೆಯ ಹೊಣೆ

ಇಂದು ಬಹುತೇಕ ಪ್ರತಿಯೊಂದು ತರಗತಿಗೂ ಪಾಲಕರ ಗುಂಪೊಂದಿದೆ; ಹಳೆಯ ವಿದ್ಯಾರ್ಥಿಗಳಿಗೂ ಗುಂಪುಗಳಿವೆ. ವಿದ್ಯಾರ್ಥಿವೇತನದ ಅರ್ಜಿಗೆಂದು ಆಧಾರ್ ಪ್ರತಿ, ಬ್ಯಾಂಕಿನ ಪಾಸುಪುಸ್ತಕ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನೂರಾರು ಮಂದಿ ಕಾಣುವ ಗುಂಪಿನಲ್ಲಿ ಹಾಕುವ ರೂಢಿ ಕೆಲವೆಡೆ ಬೆಳೆದಿದೆ. ಊರು ಬಿಟ್ಟುಹೋದ ಪಾಲಕನೊಬ್ಬನ ಹಳೆಯ ಸಂಖ್ಯೆಯು ಅಪರಿಚಿತನಿಗೆ ದೊರೆತು, ಖಾತೆಯೂ ಅವನ ಕೈಸೇರಿದರೆ, ಶಾಲೆಯ ಗುಂಪಿನ ಬಾಗಿಲೇ ಅವನಿಗೆ ತೆರೆದಂತಾಗುವ ಸಂಭವವಿದೆ. ಹದಿನೆಂಟು ವರ್ಷದೊಳಗಿನವರನ್ನು ಅಧಿನಿಯಮವು ಮಕ್ಕಳೆಂದು ಪರಿಗಣಿಸಿ, ಅವರ ವಿವರಗಳ ಬಳಕೆಗೆ ಪಾಲಕರ ದೃಢೀಕೃತ ಒಪ್ಪಿಗೆ ಬೇಕೆನ್ನುತ್ತದೆ. ಹೆಣ್ಣುಮಕ್ಕಳ ಭಾವಚಿತ್ರಗಳ ವಿಷಯದಲ್ಲಂತೂ ಈ ಎಚ್ಚರವು ಇಮ್ಮಡಿಯಾಗಬೇಕು.

ಆದುದರಿಂದ ಶಾಲೆಗಳು ಕೆಲವು ನಿಯಮಗಳನ್ನು ತಾವಾಗಿಯೇ ಹಾಕಿಕೊಳ್ಳುವುದು ಉಚಿತ. ಕಾಗದಪತ್ರಗಳನ್ನು ಗುಂಪಿನಲ್ಲಿ ಕೇಳದೆ ಕಛೇರಿಯಲ್ಲಿಯೇ ಪಡೆಯುವುದು. ಪ್ರತಿವರ್ಷ ದಾಖಲಾತಿಯ ಕಾಲದಲ್ಲಿ ಪಾಲಕರ ಸಂಖ್ಯೆಗಳನ್ನು ವಿಚಾರಿಸಿ, ಬದಲಾದವನ್ನು ಗುಂಪಿನಿಂದ ತೆಗೆಯುವುದು. ವರ್ಷಾಂತ್ಯದಲ್ಲಿ ಆ ತರಗತಿಯ ಗುಂಪನ್ನು ಮುಚ್ಚುವುದು. ದಾಸೋಹಕ್ಕೆ ಕಾಣಿಕೆ ನೀಡಿದವರ ರಸೀದಿಗಳನ್ನು ಅವರ ಅನುಮತಿಯಿಲ್ಲದೆ ಹಂಚದಿರುವುದು. ಯಾರಾದರೂ ತಮ್ಮ ಚಿತ್ರವನ್ನು ತೆಗೆಯುವಂತೆ ಕೋರಿದರೆ ಕಾರಣ ಕೇಳದೆ ತೆಗೆಯುವುದು. ಇವಾವುದಕ್ಕೂ ಹಣದ ವೆಚ್ಚವಿಲ್ಲ. ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಅವಧಿಯ ಪಾಠವಾಗಿ ಇದನ್ನು ಕಲಿಸಿದರೆ, ಅವರು ಮನೆಗೆ ಹೋಗಿ ತಂದೆತಾಯಿಯರ, ಅಜ್ಜ ಅಜ್ಜಿಯರ ಫೋನುಗಳಲ್ಲಿಯೂ ಇದನ್ನು ಮಾಡಿಕೊಡಬಲ್ಲರು. ಓದು ಬಾರದ ಹಿರಿಯರಿಗೆ ಈ ನೆರವು ಬೇರೆಲ್ಲಿಂದಲೂ ಸುಲಭವಾಗಿ ದೊರೆಯದು.

ತನ್ನದನ್ನು ಕೇಳುವುದಕ್ಕೆ ಅಂಜದಿರುವುದು, ಪರರದನ್ನು ಇಟ್ಟುಕೊಳ್ಳುವುದಕ್ಕೆ ಅಂಜುವುದು — ಇವೆರಡೂ ಕೂಡಿದಾಗ ಈ ಹಕ್ಕು ಸಾರ್ಥಕವಾಗುತ್ತದೆ. ಅನ್ನ, ಅಕ್ಷರ, ಆಶ್ರಯಗಳನ್ನು ನಂಬಿ ಮಕ್ಕಳನ್ನು ಮಠದ ಶಾಲೆಗೆ ಒಪ್ಪಿಸುವ ತಂದೆತಾಯಿಗಳು ಮಕ್ಕಳೊಡನೆ ಅವರ ಹೆಸರು, ಮುಖ ಮತ್ತು ಮನೆತನದ ವಿವರಗಳನ್ನೂ ಒಪ್ಪಿಸಿರುತ್ತಾರೆ. ಬಳಕೆಯಿರುವವರೆಗೆ ಅವನ್ನು ಕಾಯುವುದು, ಬಳಕೆ ತೀರಿದೊಡನೆ ಅಳಿಸುವುದು ಆ ನಂಬಿಕೆಗೆ ಶಿಕ್ಷಕವೃಂದವು ಸಲ್ಲಿಸಬೇಕಾದ ಋಣ.