ಕೀನ್ಯಾಕ್ಕೆ ಮಿಷನ್ ಸೇವೆಗೆ ಹೊರಟಿದ್ದೀರಾ?

ಬೈಬಲಿನ ಯಾಕೋಬನ ಪತ್ರಿಕೆ ಅನಾಥರನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತದೆ. ಸೇವೆಗೆಂದು ಹೊರದೇಶಕ್ಕೆ ಹೋಗುವ ಚರ್ಚ್ ತಂಡಗಳು ಮಾತ್ರ ಹೆಚ್ಚಾಗಿ ಅನಾಥಾಶ್ರಮದ ಅಂಗಳದಲ್ಲೇ ಉಳಿದುಬಿಡುತ್ತವೆ. ಆದರೆ ಆಶ್ರಮಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಅಲ್ಲಿಗೆ ತಂದು ಬಿಟ್ಟದ್ದು ಬಡತನ. ಕೀನ್ಯಾ 2017ರಲ್ಲೇ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು. ಮಕ್ಕಳನ್ನು ಕುಟುಂಬಕ್ಕೆ ಮರಳಿಸಲು 2022–2032ರ ಯೋಜನೆಯನ್ನೂ ರೂಪಿಸಿದೆ. ಹೊರಡುವವರು ಹೀಗೆ ತಯಾರಾಗಿ:

1. ಕರೆಸಿಕೊಳ್ಳುವ ಸಂಸ್ಥೆಯನ್ನು ವಿಚಾರಿಸಿ: ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಮಕ್ಕಳ ರಕ್ಷಣಾ ನಿಯಮ ಬರಹದಲ್ಲಿದೆಯೇ? ನಮ್ಮ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕೇ? ‘ಅದೆಲ್ಲ ಬೇಡ, ಸುಮ್ಮನೆ ಬನ್ನಿ’ ಎಂದರೆ ಹೋಗಲೇಬೇಡಿ.

2. ಅನುಮತಿ: ಪ್ರವಾಸಿ ಇ-ಟಿಎ (ಆನ್‌ಲೈನ್ ಪ್ರವೇಶಾನುಮತಿ) ಹಿಡಿದು ಸೇವೆಗೆ ಇಳಿಯುವಂತಿಲ್ಲ. ಕಡಿಮೆ ಅವಧಿಗೆ ಸ್ಪೆಷಲ್ ಪಾಸ್ ಇದೆ; ಕರೆಸಿಕೊಳ್ಳುವ ಸಂಸ್ಥೆಯಿಂದಲೇ ಮೊದಲು ಮಾಡಿಸಿಕೊಳ್ಳಿ.

3. ಲಸಿಕೆ: ಹಳದಿ ಜ್ವರದ ಲಸಿಕೆ ಸಿಗುವುದು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ. ಹಾಕಿಸಿದ 10 ದಿನಕ್ಕೆ ಸರ್ಟಿಫಿಕೇಟ್ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ವಾಪಸಾದರೆ ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

4. ಲಗೇಜು: ಹಳೇ ಬಟ್ಟೆ ತುಂಬಬೇಡಿ. ನೈರೋಬಿಯ ಗಿಕೊಂಬಾ ಮಾರುಕಟ್ಟೆಯಲ್ಲಿ ‘ಮಿಟುಂಬಾ’ ಎಂಬ ಹಳೇ ಬಟ್ಟೆ ಮೂಟೆಗಟ್ಟಲೆ ಬಿಕರಿಯಾಗುತ್ತದೆ. ನೀವು ಒಯ್ಯುವುದು ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಶಾಲಾ ಸಮವಸ್ತ್ರ ಬೇಕಿದ್ದರೆ ಹೊಲಿಗೆ ಬಲ್ಲ ಅಲ್ಲಿನ ತಾಯಿಯೊಬ್ಬಳಿಗೇ ಕೆಲಸ ಕೊಡಿ.

5. ಕೆಲಸ: ಮೊದಲ ದಿನವೇ ಮಗುವೊಂದು ಓಡಿಬಂದು ನಿಮ್ಮ ಕೊರಳಿಗೆ ಜೋತುಬಿದ್ದೀತು. ಅದನ್ನು ಬರೀ ಪ್ರೀತಿ ಎಂದುಕೊಳ್ಳಬೇಡಿ. ಹತ್ತು ದಿನಕ್ಕೊಬ್ಬ ಅಕ್ಕ ಬಂದು ಹೋಗುವಲ್ಲಿ ಮಕ್ಕಳು ಹೀಗೆ ಕಂಡಕಂಡವರಿಗೆ ಅಂಟಿಕೊಳ್ಳುತ್ತಾರೆ. ಎತ್ತಿ ಆಡಿಸುವುದನ್ನು ದಿನವೂ ಇರುವವರಿಗೆ ಬಿಡಿ. ಲೆಕ್ಕಪತ್ರ, ಪ್ರಥಮ ಚಿಕಿತ್ಸೆ, ಹೊಲಿಗೆ ನಿಮಗೆ ಗೊತ್ತಿದ್ದರೆ ಸಿಬ್ಬಂದಿಗೆ, ತಾಯಂದಿರಿಗೆ ಕಲಿಸಿ. ಮಗುವಿನ ಮುಖ ನಿಮ್ಮ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಬೇಡ.

6. ಮರಳಿದ ಮೇಲೆ: ಚರ್ಚಿನಲ್ಲಿ ವರದಿ ಒಪ್ಪಿಸುವಾಗ ಟಿಕೆಟ್ಟಿನ ಖರ್ಚನ್ನೂ ಓದಿ ಹೇಳಿ. ಮುಂದಿನ ವರ್ಷ ಇಡೀ ತಂಡವೇ ಹೋಗಬೇಕೇ, ಇಬ್ಬರು ಹೋಗಿ ಉಳಿದ ಹಣವನ್ನು ಕುಟುಂಬಗಳಿಗೆ ನೆರವಾಗುವ ಸಂಸ್ಥೆಗೆ ಕೊಟ್ಟರೆ ಸಾಕೇ ಎಂದು ಕೂತು ಮಾತಾಡಿ. ಸಂಜೆ ಶಾಲೆ ಬಿಟ್ಟ ಮಗು ಮನೆಗೆ ಹೋಗುತ್ತದೋ ಆಶ್ರಮಕ್ಕೋ ಎಂಬುದು ಎಷ್ಟೋ ಸಲ ತೀರ್ಮಾನವಾಗುವುದು ಅಮ್ಮನ ಕೈಯಲ್ಲಿ ಆ ತಿಂಗಳ ಬಾಡಿಗೆ ಇದೆಯೇ ಎಂಬುದರ ಮೇಲೆ.