ಮೊದಲು ಪಂಚಾಯಿತಿಗೆ ಹೋಗಿ ಬನ್ನಿ

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ. ಏಳು ತಿಂಗಳಿಗೇ ಹುಟ್ಟಿದ, ಹುಟ್ಟಿದಾಗ ಅಳಲಿಲ್ಲ. ಇನ್ನೂ ತಾನಾಗಿ ಕೂರುವುದಿಲ್ಲ. ಎತ್ತಿಕೊಂಡರೆ ಕಾಲು ಕತ್ತರಿಯ ಹಾಗೆ ಬಿಗಿದುಕೊಳ್ಳುತ್ತವೆ. ಡಾಕ್ಟರು ಸೆರೆಬ್ರಲ್ ಪಾಲ್ಸಿ ಅಂದರು, ಥೆರಪಿ ಕೊಡಿಸಿ ಅಂದರು. ಓಲೆ ಅಡವಿಟ್ಟು ಎರಡು ತಿಂಗಳು ಖಾಸಗಿಯಲ್ಲಿ ಕೊಡಿಸಿದೆವು. ಆಮೇಲೆ ಕೈಲಾಗಲಿಲ್ಲ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ಊಟ ಮಾಡಿಸಲು ಹೊತ್ತಿಗೆ ಒಂದು ಗಂಟೆ ಬೇಕು, ಅಷ್ಟರಲ್ಲಿ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾನೆ. ಅತ್ತೆ ಇದೆಲ್ಲ ನನ್ನ ಗ್ರಹಚಾರ ಅನ್ನುತ್ತಾರೆ. ಸರ್ಕಾರದ ಸೌಲಭ್ಯ ಬೇಕಾದಷ್ಟಿದೆ ಅಂತ ಎಲ್ಲರೂ ಹೇಳುತ್ತಾರೆ, ಎಲ್ಲಿದೆ ಅಂತ ಯಾರೂ ಹೇಳುವುದಿಲ್ಲ. ನಾನು ಎಲ್ಲಿಗೆ ಹೋಗಲಿ?
– ಹೆಸರು ಬೇಡ, ಅರಸೀಕೆರೆ ತಾಲ್ಲೂಕು

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಲ್ಲಕ್ಕಿಂತ ಮೊದಲು ಒಂದು ಮಾತು: ಇದು ನಿಮ್ಮ ಗ್ರಹಚಾರವಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಮಿದುಳಿಗೆ ಪೆಟ್ಟಾಗುವ ಸಂಭವ ಹೆಚ್ಚು. ಆದ ಪೆಟ್ಟು ಮುಂದೆ ಬೆಳೆಯುತ್ತಾ ಹೋಗುವುದಿಲ್ಲ. ಆದರೆ ಸುಮ್ಮನೆ ಬಿಟ್ಟರೆ ಕೈಕಾಲಿನ ಬಿಗಿತ ಹೆಚ್ಚುತ್ತದೆ, ಕೀಲುಗಳು ಹಾಗೆಯೇ ಕೂತುಬಿಡುತ್ತವೆ. ಥೆರಪಿ ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನೀವು ಹೇಳಿದ್ದು ನಿಜ. ನೆರವು ಇದೆ, ಒಂದು ಕಡೆ ಇಲ್ಲ. ಒಂದು ಆರೋಗ್ಯ ಇಲಾಖೆಯಲ್ಲಿ, ಇನ್ನೊಂದು ನಾಡಕಚೇರಿಯಲ್ಲಿ, ಮತ್ತೊಂದು ಶಿಕ್ಷಣ ಇಲಾಖೆಯಲ್ಲಿ. ಮಗುವನ್ನು ಸೊಂಟದ ಮೇಲೆ ಹೊತ್ತ ತಾಯಿ ಇಷ್ಟೂ ಬಾಗಿಲು ತಟ್ಟುವುದು ಹೇಗೆ? ಹಾಗಾಗಿ ಮೊದಲು ಒಬ್ಬರನ್ನು ಹಿಡಿಯಿರಿ. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ, ‘ವಿಆರ್‌ಡಬ್ಲ್ಯೂ ಯಾರು?’ ಎಂದು ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಾಗೆ ಕರೆಯುತ್ತಾರೆ. ಬಹುತೇಕ ಅವರೂ ವಿಕಲಚೇತನರೇ, ಅರ್ಜಿ ಹಿಡಿದು ಅಲೆದ ಕಷ್ಟ ಅವರಿಗೆ ಗೊತ್ತು. ನಿಮ್ಮ ಮಗನ ಹೆಸರು ಅವರ ಪಟ್ಟಿಯಲ್ಲಿ ಬರೆಸಿ. ಪಂಚಾಯಿತಿ ತನ್ನ ಹಣದಲ್ಲಿ ಶೇಕಡ 5ನ್ನು ವಿಕಲಚೇತನರಿಗೆ ತೆಗೆದಿಡಬೇಕು, ಆ ಬಗ್ಗೆಯೂ ವಿಚಾರಿಸಿ. ವಿಆರ್‌ಡಬ್ಲ್ಯೂ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ ಇರುತ್ತಾರೆ.

ಥೆರಪಿಗೆ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿದೆ ಎಂದು ವಿಚಾರಿಸಿ. ಮಕ್ಕಳ ತೊಂದರೆಗಳನ್ನು ಎಳವೆಯಲ್ಲೇ ಗುರುತಿಸಿ ಆರೈಕೆ ಮಾಡುವ ಕೇಂದ್ರ ಅದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಅಲ್ಲಿ ಉಚಿತವಾಗಿ ನೋಡುತ್ತಾರೆ. ಅದೇ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೂ ಬರುತ್ತದೆ. ಆ ದಿನ ತಿಳಿಸುವಂತೆ ಅಂಗನವಾಡಿ ಟೀಚರಿಗೆ ಈಗಲೇ ಹೇಳಿಡಿ. ವೈಕಲ್ಯದ ಸರ್ಟಿಫಿಕೇಟ್ ಆಗಲಿ, ಆಮೇಲೆ ಥೆರಪಿ ಎಂದು ಕಾಯುತ್ತಾ ಕೂರಬೇಡಿ. ಡಿಇಐಸಿಗೆ ಯಾವ ಸರ್ಟಿಫಿಕೇಟೂ ಬೇಕಿಲ್ಲ. ಮೊದಲ ಸಲ ಹೋದಾಗಲೇ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಇಂಥ ಮಕ್ಕಳಲ್ಲಿ ಅವುಗಳ ತೊಂದರೆಯೂ ಜೊತೆಗಿರುವುದುಂಟು.

ಇನ್ನು ಊಟ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಕೆಮ್ಮು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಿನ್ನಿಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಗೋಡೆಯ ಮೂಲೆಯಲ್ಲಿ ಎರಡೂ ಬದಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ. ತಲೆ ಹಿಂದಕ್ಕೆ ವಾಲಬಾರದು, ಗದ್ದ ತುಸು ಕೆಳಗಿರಬೇಕು. ನೀವು ಅವನ ಎದುರಿಗೆ, ಅವನ ಮುಖದ ಮಟ್ಟಕ್ಕೆ ಕೂತು ಸಣ್ಣ ಚಮಚವನ್ನು ಮುಂದಿನಿಂದ ಕೊಡಿ. ಮೇಲಿನಿಂದ ಸುರಿಯಬೇಡಿ. ನೀರು ನೀರಾದ ಗಂಜಿಗಿಂತ ರಾಗಿ ಸರಿ, ನುಣ್ಣಗೆ ಕಿವುಚಿದ ಅನ್ನದಂಥ ಗಟ್ಟಿ ಊಟ ನುಂಗಲು ಸುಲಭ. ಒಂದು ತುತ್ತು ಪೂರ್ತಿ ಇಳಿದ ಮೇಲೆಯೇ ಇನ್ನೊಂದು. ಹೀಗೆ ಮಾಡಿಯೂ ಕೆಮ್ಮು ನಿಲ್ಲದಿದ್ದರೆ, ಮತ್ತೆ ಮತ್ತೆ ಜ್ವರ, ಗುರುಗುರು ಕಫ ಬರುತ್ತಿದ್ದರೆ ಊಟ ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎತ್ತಿಕೊಳ್ಳುವಾಗಲೂ ಎರಡೂ ಕಾಲನ್ನು ಸೊಂಟದ ಆಚೆ ಈಚೆ ಅಗಲಿಸಿ ಕೂರಿಸಿಕೊಳ್ಳಿ. ಕತ್ತರಿ ಬಿಗಿತ ಸಡಿಲವಾಗಲು ಅದೂ ಒಂದು ವ್ಯಾಯಾಮ.

ನುಂಗುವುದಕ್ಕೆ, ಮಾತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಂಥ ಜಾಗ ನಮ್ಮ ದೇಶದಲ್ಲೇ ಕಡಿಮೆ. ಅರಸೀಕೆರೆಯಿಂದ ಹಾಸನದ ಮೇಲೆ ಮೈಸೂರಿಗೆ ರೈಲಿದೆ. ಅಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ಕಲಿಸುತ್ತಾರೆ. ವಾರಕ್ಕೆ ಎರಡು ಸಲ ಥೆರಪಿಸ್ಟ್ ಮಾಡುವ ಕೆಲಸಕ್ಕಿಂತ ದಿನಾ ಮನೆಯಲ್ಲಿ ತಾಯಿ ಮಾಡುವುದೇ ದೊಡ್ಡದು ಎಂಬುದು ನನ್ನ ನಂಬಿಕೆ. ಯಾವ ಥೆರಪಿಸ್ಟ್ ಬಳಿ ಹೋದರೂ ‘ಮನೆಯಲ್ಲಿ ನಾನೇನು ಮಾಡಲಿ, ನನ್ನ ಕೈಯಲ್ಲೇ ಮಾಡಿಸಿ ತೋರಿಸಿ’ ಎಂದು ಕೇಳಿ. ಸಂಕೋಚ ಬೇಡ.

ಕಾಗದಪತ್ರದ ಕೆಲಸವನ್ನು ಜೊತೆಜೊತೆಗೇ ನಡೆಸಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸುತ್ತಾರೆ. ವೈಕಲ್ಯ ಶೇಕಡ 40ರಿಂದ 80ರ ಒಳಗಿದ್ದರೆ ಹಳದಿ ಕಾರ್ಡು, ಅದಕ್ಕೂ ಮೇಲಾದರೆ ನೀಲಿ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಎಂದು ಕೊಡುವುದುಂಟು. ಅವಧಿ ಮುಗಿಯುವ ತಾರೀಕು ಗುರುತು ಹಾಕಿಕೊಳ್ಳಿ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಇನ್ನೊಂದು ಇದೆ, ಬಹಳ ಜನರಿಗೆ ಗೊತ್ತೇ ಇಲ್ಲ: ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಹಿಂದಿರುಗಿಸುತ್ತದೆ, ಥೆರಪಿಯೂ ಅದರಲ್ಲಿ ಸೇರುತ್ತದೆ. ಮೊದಲು ನೀವು ಕಟ್ಟಿ, ಆಮೇಲೆ ಬಿಲ್ ಕೊಟ್ಟು ಪಡೆಯಬೇಕು. ಆದ್ದರಿಂದ ಒಂದು ಚೀಟಿಯನ್ನೂ ಎಸೆಯಬೇಡಿ. ಹುಟ್ಟಿದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಿಂದ ಹಿಡಿದು ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿಗೆ ಸೇರಿಸಿ, ಎರಡು ಸೆಟ್ ಜೆರಾಕ್ಸ್ ಇಟ್ಟುಕೊಳ್ಳಿ.

ಮಗುವನ್ನು ಮನೆಯೊಳಗೇ ಇಟ್ಟುಕೊಳ್ಳಬೇಡಿ. ಅಂಗನವಾಡಿ ಅವನದೂ ಹೌದು. ಇಂಥ ಮಕ್ಕಳನ್ನು ಅಂಗನವಾಡಿಗೆ ಸೇರಿಸಿಕೊಳ್ಳಲೆಂದೇ ಕೇಂದ್ರ ಸರ್ಕಾರ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆರು ತುಂಬಿದ ಮೇಲೆ, ವೈಕಲ್ಯ ಶೇಕಡ 40 ಅಥವಾ ಹೆಚ್ಚಿದ್ದರೆ, 18ರವರೆಗೆ ಉಚಿತ ಶಿಕ್ಷಣ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು. ತಾಲ್ಲೂಕಿನಲ್ಲಿ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಇಂಥ ಮಕ್ಕಳ ಕಲಿಕೆಗಾಗಿಯೇ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಕಲಿಸುವ ಏರ್ಪಾಡೂ ಇದೆ.

ಅತ್ತೆಯ ಜೊತೆ ವಾದಕ್ಕೆ ನಿಲ್ಲಬೇಡಿ. ಅವರು ಹರಕೆ ಹೊತ್ತರೆ ಹೊರಲಿ. ಡಿಇಐಸಿಗೆ ಹೋಗುವ ದಿನ ಮಾತ್ರ ಅವರನ್ನೂ ಕರೆದುಕೊಂಡು ಹೋಗಿ. ಮೊಮ್ಮಗ ಹೀಗೇಕೆ ಎಂದು ಡಾಕ್ಟರ ಬಾಯಲ್ಲೇ ಕೇಳಲಿ. ಬೆಂಚಿನ ಮೇಲೆ ಮಕ್ಕಳನ್ನು ಹಿಡಿದು ಕೂತ ಬೇರೆ ಅಜ್ಜಿಯರನ್ನೂ ನೋಡಲಿ. ಆ ಬೆಂಚಿನಲ್ಲಿ ಸಿಗುವ ತಾಯಂದಿರ ಫೋನ್ ನಂಬರು ನೀವೂ ಬರೆದುಕೊಳ್ಳಿ. ಯಾವ ಕಚೇರಿಯಲ್ಲಿ ಯಾವ ದಿನ ಕೆಲಸ ಆಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ.

ಸೋಮವಾರ ಬೆಳಿಗ್ಗೆ ಪಂಚಾಯಿತಿಗೆ ಹೋಗಿ ಬನ್ನಿ. ಅಲ್ಲಿ ಏನಾಯಿತು, ಮಗು ಈಗ ಹೇಗೆ ಉಣ್ಣುತ್ತಾನೆ ಎಂದು ನನಗೆ ಬರೆಯಿರಿ.