ಹಕ್ಕಿಗೊಂದು ಕೊಂಬೆ: ಹಳೆಯ ಸ್ಪೀಕರಿನಲ್ಲಿ ಪ್ರೊಗ್ರೆಸಿವ್ ರಾಕ್ ಕೇಳುವ ಬಗೆ

ಯೆಸ್ ತಂಡದ 1972ರ ‘ಕ್ಲೋಸ್ ಟು ದಿ ಎಡ್ಜ್’ ಶುರುವಾಗುವುದು ವಾದ್ಯದಿಂದಲ್ಲ. ಮೊದಲು ಹರಿಯುವ ನೀರು, ಹಕ್ಕಿಗಳ ಚಿಲಿಪಿಲಿ. ಎಲ್ಲೋ ದೂರದಲ್ಲಿ ಕೇಳಿಸಿದ್ದು ಮೆಲ್ಲಗೆ ಹತ್ತಿರ ಬಂದು, ಕೋಣೆ ತುಂಬಿತು ಅನ್ನುವಷ್ಟರಲ್ಲಿ ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್ ಎಲ್ಲವೂ ಒಟ್ಟಿಗೇ ಮೇಲೆರಗುತ್ತವೆ. ಅಂಗೈ ಅಗಲದ ಬ್ಲೂಟೂತ್ ಡಬ್ಬಿಯಲ್ಲಿ ಆ ಹಕ್ಕಿಗಳು ಬರೀ ಸುಯ್ ಎನ್ನುವ ಸದ್ದು. ಸರಿಯಾಗಿ ರಿಪೇರಿಯಾದ, ಸರಿಯಾಗಿ ಇಟ್ಟ, ಐವತ್ತು ವರ್ಷದ ಜೋಡಿ ಸ್ಪೀಕರಿನಲ್ಲಿ ಒಂದೊಂದು ಹಕ್ಕಿಗೂ ಒಂದೊಂದು ಕೊಂಬೆ ಸಿಗುತ್ತದೆ.

ಆ ‘ಸರಿಯಾಗಿ’ ಅನ್ನುವ ಮಾತನ್ನು ಬಿಡಿಸಿ ಹೇಳುವುದಕ್ಕೇ ಈ ಲೇಖನ. ಮನೆಯ ದೊಡ್ಡವರು ಬಿಟ್ಟುಹೋದ ಸ್ಪೀಕರುಗಳು ನಿಮ್ಮಲ್ಲಿರಬಹುದು, ಇಲ್ಲವೇ ಸೆಕೆಂಡ್‌ಹ್ಯಾಂಡ್ ಜೋಡಿಯೊಂದರ ಮೇಲೆ ಕಣ್ಣು ಬಿದ್ದಿರಬಹುದು. ದುಬಾರಿ ಹೊಸ ಸಾಮಾನಿಗೆ ಕೈಹಾಕುವ ಮೊದಲು ಮೂರು ಕೆಲಸ ಮಾಡಿ: ಇರುವುದನ್ನು ರಿಪೇರಿ ಮಾಡಿಸಿ, ಜಾಗ ನೋಡಿ ಇಡಿ, ಒಂದು ಎಲ್‌ಪಿ ತಟ್ಟೆಯ ಒಂದು ಮಗ್ಗುಲನ್ನು ಎದ್ದೇಳದೆ ಕೇಳಿ. ಹಣ ಮಾಡಲಾಗದ್ದನ್ನು ಈ ಮೂರು ಮಾಡುವುದನ್ನು ನಾನು ಕಂಡಿದ್ದೇನೆ.

ಹಳೆಯದೇ ಯಾಕೆ?

ಕಿಂಗ್ ಕ್ರಿಮ್ಸನ್ ತಂಡದ ಮೊದಲ ಎಲ್‌ಪಿ ಬಂದದ್ದು 1969ರ ಅಕ್ಟೋಬರಿನಲ್ಲಿ. ಅಲ್ಲಿಂದ ಆರೇಳು ವರ್ಷ ಬ್ರಿಟನ್ನಿನಲ್ಲಿ ಮೈದುಂಬಿ ಹರಿದ ಸಂಗೀತ ಈ ಪ್ರೊಗ್ರೆಸಿವ್ ರಾಕ್. ಒಂದೇ ರಚನೆ ತಟ್ಟೆಯ ಇಡೀ ಮಗ್ಗುಲನ್ನು ತುಂಬುತ್ತದೆ; ಜೆಥ್ರೊ ಟಲ್ ತಂಡದ ‘ಥಿಕ್ ಆ್ಯಸ್ ಎ ಬ್ರಿಕ್’ನಲ್ಲಂತೂ ಎರಡೂ ಮಗ್ಗುಲು ಸೇರಿ ಒಂದೇ ರಚನೆ. ಕೊಳಲು, ಹ್ಯಾಮಂಡ್ ಆರ್ಗನ್, ಹನ್ನೆರಡು ತಂತಿಯ ಗಿಟಾರ್, ಜೊತೆಗೆ ಮೆಲೊಟ್ರಾನ್. ಮೆಲೊಟ್ರಾನ್ ಎಂದರೆ ಹಾರ್ಮೋನಿಯಂನಂತೆ ಮನೆಗಳಿರುವ ವಾದ್ಯ. ಒಂದು ಮನೆ ಒತ್ತಿದರೆ ಒಳಗೆ ಸುಮಾರು 8 ಸೆಕೆಂಡ್ ಉದ್ದದ ಟೇಪಿನ ಪಟ್ಟಿ ಓಡಿ, ಅದರಲ್ಲಿ ಮುದ್ರಿಸಿಟ್ಟ ಪಿಟೀಲೋ ಕೊಳಲೋ ಗಾಯಕವೃಂದವೋ ಕೇಳುತ್ತದೆ. ಟೇಪಿನ ಸಣ್ಣ ನಡುಕ, ಮಂಜು ಕವಿದಂಥ ಮಸುಕು ಅದರ ನಾದದ ಭಾಗವೇ.

ಈ ವಾದ್ಯಗಳ ಜೀವ ಇರುವುದು ನಡುವಿನ ಸ್ಥಾಯಿಯಲ್ಲಿ, ಮನುಷ್ಯರ ದನಿ ಓಡಾಡುವ ಜಾಗದಲ್ಲಿ. ಆ ಕಾಲದ ಒಳ್ಳೆಯ ಸ್ಪೀಕರುಗಳ ಬಲವೂ ಅಲ್ಲೇ ಇದೆ. ಬಿಬಿಸಿಯ ಎಂಜಿನಿಯರುಗಳು ಸ್ಪೀಕರನ್ನು ಒರೆಗೆ ಹಚ್ಚುತ್ತಿದ್ದದ್ದು ಅಳತೆಯ ಉಪಕರಣಗಳಿಂದ ಮಾತ್ರವಲ್ಲ. ಎದುರಿಗೆ ಮಾತಾಡುವ ಮನುಷ್ಯನ ದನಿಗೂ ಪೆಟ್ಟಿಗೆಯಿಂದ ಬರುವ ಅದೇ ದನಿಗೂ ಎಷ್ಟು ಅಂತರ ಎಂದು ಕಿವಿಯಿಂದ ನೋಡುತ್ತಿದ್ದರು.

ಯಾವ ಜೋಡಿಯಿಂದ ಏನು ನಿರೀಕ್ಷಿಸಬೇಕು ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಪುಟ್ಟ ಎಲ್‌ಎಸ್3/5ಎ, ಅದೇ ಪರಂಪರೆಯ ಸ್ಪೆಂಡರ್ ಬಿಸಿ1: ಇವು ದನಿಗೆ, ಕೊಳಲಿಗೆ, ಮೆಲೊಟ್ರಾನಿಗೆ ಹೇಳಿ ಮಾಡಿಸಿದವು. ಅಮೆರಿಕದ ಎಆರ್-3ಎ ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ. ಅದರ 12 ಇಂಚಿನ ವೂಫರ್ ನಿಜವಾದ ತಗ್ಗು ಸ್ವರಕ್ಕೆ ಇಳಿಯಬಲ್ಲದು. ಜೆಬಿಎಲ್ ಎಲ್100 ಚುರುಕು, ಮುಂದೆ ಬಂದು ನಿಲ್ಲುವ ಸ್ವಭಾವದ್ದು. ಡ್ರಮ್ಸ್ ಪ್ರಿಯರಿಗೆ ಸರಿ. 1957ರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್‌ನ ಸ್ವಚ್ಛತೆಗೆ ಇಂದಿಗೂ ಸಾಟಿ ಕಡಿಮೆ, ಆದರೆ ಒಳಗೆ ಸಾವಿರಾರು ವೋಲ್ಟ್ ಓಡಾಡುತ್ತದೆ. ಅದನ್ನು ಬಲ್ಲವರ ಕೈಗೇ ಬಿಡಿ, ನೀವು ಬಿಚ್ಚಬೇಡಿ.

ಮೊದಲು ಪರೀಕ್ಷೆ, ಆಮೇಲೆ ಸಂಪರ್ಕ

ವರ್ಷಗಟ್ಟಲೆ ಸುಮ್ಮನಿದ್ದ ಸ್ಪೀಕರಿಗೆ ನೇರವಾಗಿ ಹಾಡು ಹಾಕಬೇಡಿ. ಮುಂದಿನ ಜಾಲರಿಯನ್ನೋ ಬಟ್ಟೆಯ ಚೌಕಟ್ಟನ್ನೋ ನಿಧಾನಕ್ಕೆ ತೆಗೆಯಿರಿ. ವೂಫರಿನ ಕೋನ್ ಸುತ್ತ ಇರುವ ಅಂಚನ್ನು ನೋಡಿ. ಅದು ಫೋಮಿನದ್ದಾಗಿದ್ದರೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅಂಟಿದರೆ, ಪುಡಿಯಾಗಿ ಉದುರಿದರೆ, ಅದರ ಕಾಲ ಮುಗಿದಿದೆ. ತೇವದ ಗಾಳಿ ಫೋಮಿನ ಶತ್ರು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇದ್ದ ಸ್ಪೀಕರಿನಲ್ಲಿ ಗಟ್ಟಿ ಫೋಮ್ ಉಳಿದಿದ್ದರೆ ಅದನ್ನು ಈಗಾಗಲೇ ಯಾರೋ ಬದಲಿಸಿದ್ದಾರೆ ಎಂದೇ ಊಹಿಸಬಹುದು. ರಬ್ಬರಿನ ಅಂಚು ಹೆಚ್ಚು ಕಾಲ ಬಾಳುತ್ತದೆ.

ಮುಂದೆ, ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ ಒಂದಿಷ್ಟೇ ಒಳಕ್ಕೆ ಒತ್ತಿ. ಕರಕರ ಸದ್ದು ಬಂದರೆ ಒಳಗಿನ ಸುರುಳಿ ಉಜ್ಜುತ್ತಿದೆ. ಮುಚ್ಚಿದ ಪೆಟ್ಟಿಗೆಯ ಸ್ಪೀಕರಾದರೆ, ಒತ್ತಿ ಬಿಟ್ಟ ಕೋನ್ ಚಂಗನೆ ಹಾರಬಾರದು, ನಿಧಾನವಾಗಿ ತನ್ನ ಜಾಗಕ್ಕೆ ಮರಳಬೇಕು. ಚಂಗನೆ ಹಾರಿದರೆ ಎಲ್ಲೋ ಗಾಳಿ ಸೋರುತ್ತಿದೆ. ಹೆಚ್ಚಿನ ಸ್ವರ ನುಡಿಸುವ ಟ್ವೀಟರನ್ನು ಮಾತ್ರ ಮುಟ್ಟಲೇಬೇಡಿ.

ಪೆಟ್ಟಿಗೆಯ ಹಿಂಬದಿ, ತಳ ನೋಡಿ. ತೇವಕ್ಕೆ ಊದಿಕೊಂಡ ಹಲಗೆ, ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಕೋನ್ ಸಿಗುತ್ತದೆ, ಮೂಲ ಪೆಟ್ಟಿಗೆ ಸಿಗುವುದಿಲ್ಲ. ಕೊನೆಗೆ ಮಲ್ಟಿಮೀಟರನ್ನು ಹಿಂದಿನ ಎರಡು ಟರ್ಮಿನಲ್‌ಗಳಿಗೆ ಹಿಡಿಯಿರಿ. 8 ಓಮ್ ಎಂದು ಬರೆದಿರುವಲ್ಲಿ ಸಾಮಾನ್ಯವಾಗಿ ಐದೂವರೆಯಿಂದ ಏಳು ಓಮ್, 4 ಓಮ್ ಇರುವಲ್ಲಿ ಮೂರರ ಆಸುಪಾಸು ತೋರಿಸಬೇಕು. ಎರಡು ಸ್ಪೀಕರುಗಳ ಅಂಕಿ ಹೆಚ್ಚುಕಡಿಮೆ ಒಂದೇ ಇರಬೇಕು. ದೊಡ್ಡ ಅಂತರವಿದ್ದರೆ ಒಂದರಲ್ಲಿ ಏನೋ ಬದಲಾಗಿದೆ ಎಂದರ್ಥ.

ರಿಪೇರಿ: ಜೋಡಿಯಾಗಿಯೇ

ಸ್ಪೀಕರು ಜೋಡಿ ಎತ್ತಿನ ಹಾಗೆ. ಒಂದರ ಅಂಚು ಹಾಳಾಗಿದ್ದರೂ ಎರಡನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲದಿದ್ದರೆ ಎಡ ಒಂದು ದನಿ, ಬಲ ಒಂದು ದನಿ. ಫೋಮ್ ಇದ್ದ ಕಡೆ ಅದೇ ಅಳತೆಯ ಫೋಮನ್ನೇ ಹಾಕಿಸಿ. ಬಾಳಿಕೆಯ ಆಸೆಗೆ ರಬ್ಬರ್ ಹಾಕಿದರೆ ಕೋನಿನ ಬಳುಕು ಬದಲಾಗಿ ಮೂಲ ನಾದವೂ ಬದಲಾಗುತ್ತದೆ.

ಎರಡನೆಯದು ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್. ತಗ್ಗು ಸ್ವರವನ್ನು ವೂಫರಿಗೂ ಹೆಚ್ಚಿನ ಸ್ವರವನ್ನು ಟ್ವೀಟರಿಗೂ ಹಂಚುವ ಭಾಗ ಅದು. ಅದರಲ್ಲಿರುವ ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಮೌಲ್ಯ ದಶಕಗಳಲ್ಲಿ ಸರಿದಿರುತ್ತದೆ. ಸ್ಪೀಕರ್ ಮಂಕಾಯಿತು ಅನ್ನಿಸುವುದಕ್ಕೆ ಬಹಳ ಸಲ ಇದೇ ಕಾರಣ. ಬೆಸುಗೆ ಬಲ್ಲವರು ಅದೇ ಮೈಕ್ರೊಫ್ಯಾರಡ್ ಮೌಲ್ಯದ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನ ಬೈಪೋಲಾರ್ ಇಲ್ಲವೇ ಫಿಲ್ಮ್ ಕೆಪಾಸಿಟರ್ ಹಾಕಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಫಿಲ್ಮ್ ಹಾಕಿದ ಮೇಲೆ ಟ್ವೀಟರ್ ತುಸು ಹೆಚ್ಚು ಮಿನುಗಿದಂತೆ ಕೇಳಬಹುದು. ಎಲ್‌ಎಸ್3/5ಎಯಂಥ, ಕೂದಲೆಳೆಯ ಲೆಕ್ಕದಲ್ಲಿ ಹೊಂದಿಸಿದ ಸ್ಪೀಕರಿನ ಕ್ರಾಸ್‌ಓವರನ್ನು ಅಳೆದು ನೋಡದೆ ಮುಟ್ಟಬಾರದು. ತೆಗೆದ ಭಾಗಗಳನ್ನು ಎಸೆಯಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ.

ಎಆರ್-3ಎ ಹಿಂದೆ ತಿರುಗಿಸುವ ಎರಡು ಗುಂಡಿಗಳಿವೆ. ಒಳಗೆ ಕಿಲುಬು ಹಿಡಿದು ಟ್ವೀಟರ್ ಸತ್ತೇಹೋಗಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. ಮೊದಲು ಅವನ್ನು ಹತ್ತಾರು ಸಲ ಅತ್ತಿತ್ತ ತಿರುಗಿಸಿ ನೋಡಿ.

ಆಂಪ್ಲಿಫೈಯರ್ ಮತ್ತು ತಂತಿ

ದೊಡ್ಡ ಆಂಪ್ಲಿಫೈಯರಿಂದ ಹಳೆಯ ಸ್ಪೀಕರ್ ಸುಡುತ್ತದೆ ಎಂಬ ಹೆದರಿಕೆ ಹಲವರಿಗಿದೆ. ಟ್ವೀಟರುಗಳನ್ನು ಹೆಚ್ಚಾಗಿ ಸುಟ್ಟಿರುವುದು, ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿದಾಗ ಹುಟ್ಟುವ ಹರಿದ ಸದ್ದು. ಹೆಚ್ಚಿನ ಜೋಡಿಗಳಿಗೆ 30ರಿಂದ 50 ವ್ಯಾಟ್ ಸಾಕು. 4 ಓಮಿನ ಸ್ಪೀಕರ್ ಇದ್ದರೆ ನಿಮ್ಮ ಆಂಪ್ಲಿಫೈಯರ್ 4 ಓಮ್ ತಡೆಯುತ್ತದೆಯೇ ಎಂದು ಹಿಂಬದಿಯ ಬರಹ ನೋಡಿ. ಆಂಪ್ಲಿಫೈಯರೂ ಹಳೆಯದಾದರೆ, ಸ್ಪೀಕರ್ ಜೋಡಿಸುವ ಮೊದಲು ವಾಲ್ಯೂಮ್ ಸೊನ್ನೆಗಿಟ್ಟು ಅದರ ಸ್ಪೀಕರ್ ಟರ್ಮಿನಲ್‌ಗಳಲ್ಲಿ ಡಿ.ಸಿ. ಅಳೆಯಿರಿ. 50 ಮಿಲಿವೋಲ್ಟಿಗಿಂತ ಕೆಳಗಿದ್ದರೆ ನಿಶ್ಚಿಂತೆ. ನೂರು ದಾಟಿದರೆ ಮೊದಲು ಅದರ ರಿಪೇರಿಯಾಗಲಿ. ಅಮೆರಿಕದಿಂದ ತಂದದ್ದಾದರೆ ಅದಕ್ಕೆ ಬೇಕಿರುವುದು ನಮ್ಮ 230 ವೋಲ್ಟ್ ಅಲ್ಲ, 120. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಚುಚ್ಚಲೇಬೇಡಿ.

ತಂತಿಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ 2.5 ಚದರ ಮಿ.ಮೀ. ತಾಮ್ರದ ತಂತಿ ಸಾಕು. ಆದರೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದೆಯೇ ಎಂದು ಎರಡೆರಡು ಸಲ ನೋಡಿ. ನಾನು ಒಮ್ಮೆ ಒಂದು ಪೆಟ್ಟಿಗೆಗೆ ತಿರುಗಾಮುರುಗ ಜೋಡಿಸಿ, ತಿಂಗಳುಗಟ್ಟಲೆ ಬೇಸ್ ಇಲ್ಲದ ಹಾಡು ಕೇಳುತ್ತ ತಟ್ಟೆಗಳನ್ನೇ ದೂರಿದ್ದೆ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದರೆ ತಗ್ಗು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ನಡುವೆ ನಿಲ್ಲಬೇಕಾದ ದನಿ ಚೆದುರಿಹೋಗುತ್ತದೆ.

ಜಾಗ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಕೆಲಸ ಇದು, ಖರ್ಚೂ ಇಲ್ಲ. ಎರಡು ಸ್ಪೀಕರು, ನೀವು ಕೂರುವ ಕುರ್ಚಿ, ಮೂರೂ ಸೇರಿ ಸಮಭುಜ ತ್ರಿಕೋನವಾಗಲಿ. ಆರೇಳು ಅಡಿಯಿಂದ ಶುರುಮಾಡಿ. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕಿರಲಿ. ನೆಲದ ಮೇಲಿಟ್ಟರೆ, ಮೂಲೆಗೆ ತಳ್ಳಿದರೆ ಬೇಸ್ ಹೆಚ್ಚುತ್ತದೆ, ಆದರೆ ಯೆಸ್ ತಂಡದ ಕ್ರಿಸ್ ಸ್ಕ್ವೈರ್‌ನ ಬೇಸ್ ಗಿಟಾರ್ ಬಿಡಿಬಿಡಿ ಸ್ವರಗಳನ್ನು ಕಳೆದುಕೊಂಡು ಗುಮ್ಮೆನ್ನುವ ಗದ್ದಲವಾಗುತ್ತದೆ. ಬಿಬಿಸಿ ಬಗೆಯವನ್ನು ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಎರಡು ಅಡಿಯಾದರೂ ಮುಂದಿಡಿ. ಎಆರ್ ಬಗೆಯವು ಪುಸ್ತಕದ ಕಪಾಟಿನಲ್ಲಿ ಕೂರಲೆಂದೇ ಹುಟ್ಟಿದವು, ಅವುಗಳಿಗೆ ಗೋಡೆಯ ಆಸರೆ ಬೇಕು. ಒಂದೊಂದು ಸಲಕ್ಕೆ ಒಂದೊಂದು ಗೇಣು ಸರಿಸಿ, ಅದೇ ಹಾಡನ್ನು ಮತ್ತೆ ಕೇಳಿ. ಒಪ್ಪಿಗೆಯಾದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

ಈಗ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಝಣ್ ಎಂದು ಮರುದನಿ ಬಂದರೆ ನಿಮ್ಮದು ಬೋಳು ಗೋಡೆ, ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಕೋಣೆ. ನಮ್ಮ ಮನೆಗಳಲ್ಲಿ ಹೆಚ್ಚಿನವು ಹೀಗೇ. ಸ್ಪೀಕರಿಗೂ ನಿಮಗೂ ನಡುವೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ಅಡ್ಡಾದಿಡ್ಡಿ ಪುಸ್ತಕ ತುಂಬಿದ ಕಪಾಟು ಹಿಂದಿನ ಗೋಡೆಗಿದ್ದರೆ ಇನ್ನೂ ಒಳ್ಳೆಯದು. ಬೇಸ್ ಬಂದಾಗ ಯಾವುದೋ ಝರಝರ ಕೇಳಿದರೆ ಸ್ಪೀಕರನ್ನು ಅನುಮಾನಿಸುವ ಮುಂಚೆ ಷೋಕೇಸಿನ ಗಾಜು, ಕಬ್ಬಿಣದ ಬೀರುವಿನ ಬಾಗಿಲು ಹಿಡಿದು ನೋಡಿ.

ಹಾಡಿನಿಂದಲೇ ಹದ

ಜೆನೆಸಿಸ್ ತಂಡದ 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದಿ ಪೌಂಡ್’ ಆರಂಭದಲ್ಲಿ ಪೀಟರ್ ಗೇಬ್ರಿಯಲ್ ಯಾವ ವಾದ್ಯವೂ ಇಲ್ಲದೆ ಒಬ್ಬನೇ ಹಾಡುತ್ತಾನೆ. ಕಣ್ಣು ಮುಚ್ಚಿ ಕೇಳಿ. ಆ ದನಿ ಎರಡು ಪೆಟ್ಟಿಗೆಗಳ ನಡುವಿನ ಖಾಲಿ ಜಾಗದಲ್ಲಿ ನಿಲ್ಲಬೇಕು. ಒಂದು ಬದಿಗೆ ವಾಲಿದರೆ ಸ್ಪೀಕರುಗಳ ದೂರ, ಕೋನ ಸರಿಪಡಿಸಿ. ಈ ತಟ್ಟೆಯ ಬಗ್ಗೆ ಇನ್ನೊಂದು ಮಾತು: ಇದರ ಒಟ್ಟು ಅವಧಿ 53 ನಿಮಿಷ, ಅಂದರೆ ಮಗ್ಗುಲಿಗೆ 25 ನಿಮಿಷಕ್ಕೂ ಹೆಚ್ಚು. ಅಷ್ಟು ಸಂಗೀತವನ್ನು ಒಂದು ಮಗ್ಗುಲಿಗೆ ತುಂಬಲು ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅದಕ್ಕಾಗಿ ಸದ್ದನ್ನೂ ಬೇಸನ್ನೂ ತಗ್ಗಿಸಬೇಕು. ಎಲ್‌ಪಿಯಲ್ಲಿ ಅದು ತೆಳುವಾಗಿ ಕೇಳಿದರೆ ತಪ್ಪು ಸ್ಪೀಕರಿನದ್ದಲ್ಲ. ವಾಲ್ಯೂಮ್ ಒಂದಿಷ್ಟು ಏರಿಸಿ, ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಬೇಡಿ.

ಕಿಂಗ್ ಕ್ರಿಮ್ಸನ್‌ನ ‘ಟ್ವೆಂಟಿ ಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’ ಹಾಕಿ ಸ್ಪೀಕರ್ ಹರಿದಿದೆಯೇ ಎಂದು ಪರೀಕ್ಷಿಸಬೇಡಿ. ಅದರಲ್ಲಿ ಹಾಡುಗಾರನ ದನಿಯನ್ನು ಬೇಕೆಂದೇ ಒಡೆದಿದ್ದಾರೆ. ತಗ್ಗು ಸ್ವರಕ್ಕೆ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ತಂಡದ ‘ಲಕ್ಕಿ ಮ್ಯಾನ್’ ಕೊನೆಯ ಮೂಗ್ ಸಿಂಥಸೈಸರ್ ಕೇಳಿ. ದೊಡ್ಡ ವೂಫರಿನಲ್ಲಿ ಅದು ಕುರ್ಚಿಯ ಕಾಲಿಗೂ ತಾಗುತ್ತದೆ. ಎಲ್‌ಎಸ್3/5ಎ 70 ಹರ್ಟ್ಸ್‌ನಿಂದ ಕೆಳಗೆ ಬೇಗ ಸೋಲುತ್ತದೆ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಸ್. ಆದರೂ ರಾಗ ತಪ್ಪುವುದಿಲ್ಲ. ಆ ತಂತಿಯ ಉಪಸ್ವರಗಳನ್ನು ಹಿಡಿದು ಕಿವಿ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ.

ಸ್ಟ್ರೀಮಿಂಗಿನಲ್ಲೋ ಸಿ.ಡಿ.ಯಲ್ಲೋ ಕೇಳುವವರು ಸ್ಟೀವನ್ ವಿಲ್ಸನ್ ಮೂಲ ಟೇಪುಗಳಿಂದ ಹೊಸದಾಗಿ ಮಿಕ್ಸ್ ಮಾಡಿದ ಆವೃತ್ತಿಗಳನ್ನು ಹುಡುಕಿ. 2009ರಿಂದ ಅವರು ಕಿಂಗ್ ಕ್ರಿಮ್ಸನ್, ಜೆಥ್ರೊ ಟಲ್, ಯೆಸ್ ತಟ್ಟೆಗಳಿಗೆ ಈ ಕೆಲಸ ಮಾಡಿದ್ದಾರೆ. ಮೆತ್ತಗಿನ ಭಾಗ ಮೆತ್ತಗೇ ಉಳಿದಿರುವುದರಿಂದ ಹಳೆಯ ಸ್ಪೀಕರಿಗೆ ಇವು ಒಗ್ಗುತ್ತವೆ.

ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973) ಕೊನೆಗಿಟ್ಟುಕೊಂಡಿದ್ದೇನೆ. ಅದರ ರೂವಾರಿಗಳಲ್ಲೊಬ್ಬನಾದ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೇ ಬಂದು ಹಾಡಿದವನು, ನಮ್ಮಲ್ಲಿ ಅನೇಕರು ಈ ಲೋಕಕ್ಕೆ ಕಾಲಿಟ್ಟದ್ದೂ ಅದೇ ತಟ್ಟೆಯ ಬಾಗಿಲಿನಿಂದ. ಇದರಲ್ಲಿ ಒಂದು ಎಚ್ಚರ ಬೇಕು. ‘ಟೈಮ್’ ಹಾಡಿಗೆ ಮುಂಚೆ ಸದ್ದು ಬಹಳ ತಗ್ಗುತ್ತದೆ, ಮರುಕ್ಷಣವೇ ಹತ್ತಾರು ಗಡಿಯಾರಗಳು ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಧ್ವನಿಮುದ್ರಕ ಅಲನ್ ಪಾರ್ಸನ್ಸ್ ಗಡಿಯಾರದ ಅಂಗಡಿಯಲ್ಲಿ ಮುದ್ರಿಸಿಕೊಂಡು ತಂದ ಸದ್ದು ಅದು. ಕೇಳಿಸಲಿಲ್ಲವೆಂದು ಮೆತ್ತಗಿನ ಜಾಗದಲ್ಲಿ ವಾಲ್ಯೂಮ್ ಏರಿಸಿದ್ದರೆ ಹಳೆಯ ಟ್ವೀಟರಿಗೆ ಅಪಾಯ. ಮೊದಲು ಆ ಗಡಿಯಾರಗಳಿಗೇ ವಾಲ್ಯೂಮ್ ಹೊಂದಿಸಿಕೊಂಡು, ಮುಳ್ಳನ್ನು ತಟ್ಟೆಯ ಆರಂಭಕ್ಕೆ ತನ್ನಿ, ಆಮೇಲೆ ಗುಂಡಿ ಮುಟ್ಟಬೇಡಿ.

ಫೋನು ಪಕ್ಕದ ಕೋಣೆಯಲ್ಲಿರಲಿ. ಆ ತಟ್ಟೆ ಶುರುವಾಗುವುದೂ ಮುಗಿಯುವುದೂ ಎದೆಬಡಿತದಿಂದ. ತಂಡದ ಡ್ರಮ್ಮರ್ ನಿಕ್ ಮೇಸನ್ ಬೇಸ್ ಡ್ರಮ್‌ನಲ್ಲಿ ನುಡಿಸಿದ್ದು. ಮೊದಲ ಬಡಿತ ಏಳುವಷ್ಟರಲ್ಲಿ ಎದ್ದು ಫ್ಯಾನ್ ಆರಿಸಿ ಬನ್ನಿ. ಕೊನೆಯ ಬಡಿತ ಅದರ ಗಾಳಿಯ ಸದ್ದಿಗಿಂತಲೂ ಮೆಲ್ಲಗಿದೆ.